ನಾಟಕ ಬರೆಯುತ್ತಿರುವ ಮಗಳಿಗೊಂದು ಪತ್ರ

ಚಿರಂಜೀವಿ ಮಗಳಿಗೆ ಮುಧೋಳದಿಂದ ನಿನ್ನ ಅವ್ವನ ಆಶೀರ್ವಾದಗಳು.

ರುವಾಂಡಾದ ನರಮೇಧವನ್ನು ಕುರಿತ ನಿನ್ನ ನಾಟಕದ ಕರಡನ್ನು ಓದಿದೆ. ಮೊದಲ ದೃಶ್ಯದಲ್ಲಿಯೇ ಸೂತ್ರಧಾರನು ಲೆಕ್ಕ ಒಪ್ಪಿಸುತ್ತಾನೆ: 1994ರ ಏಪ್ರಿಲ್‌ನಿಂದ ಸುಮಾರು 100 ದಿನಗಳಲ್ಲಿ ಎಂಟು ಲಕ್ಷದಷ್ಟು ಜನರ ಕೊಲೆ, ಅವರಲ್ಲಿ ಬಹುಪಾಲು ಅಲ್ಲಿನ ಅಲ್ಪಸಂಖ್ಯಾತ ಸಮುದಾಯವಾದ ಟುಟ್ಸಿಗಳು. ಆ ಸಂಖ್ಯೆ ನಾಟಕದಲ್ಲಿ ಇರಲೇಬೇಕು; ಆದರೆ ಅಷ್ಟರಿಂದಲೇ ನೋಡುವವರ ಕಣ್ಣ ಮುಂದೆ ಒಬ್ಬ ಮನುಷ್ಯನೂ ಬಂದು ನಿಲ್ಲುವುದಿಲ್ಲ.

ನಮ್ಮ ಹಲಗಲಿಯನ್ನೇ ನೋಡು. 1857ರಲ್ಲಿ ಆಯುಧಗಳನ್ನು ಒಪ್ಪಿಸಲು ಒಲ್ಲೆವೆಂದ ಬೇಡರ ಮೇಲೆ ಕಂಪನಿಯ ದಂಡು ಏರಿ ಬಂದು ಊರಿಗೆ ಬೆಂಕಿಯಿಟ್ಟಿತು. ಅದು ಬಂಡಾಯವನ್ನು ಹೊಸಕಿ ಹಾಕಿದ ಕ್ರೌರ್ಯ. ಅದನ್ನು ನರಮೇಧಗಳ ಸಾಲಿಗೆ ಸೇರಿಸುವುದು ಸರಿಯಲ್ಲ. ಆದರೆ ಆ ನೆನಪನ್ನು ಇಲ್ಲಿಯವರೆಗೆ ಹೊತ್ತು ತಂದದ್ದು ದಫ್ತರವಲ್ಲ, ಲಾವಣಿ. ಅದನ್ನು ಸಂಗ್ರಹಿಸಿ ಅಚ್ಚು ಮಾಡಿಸಿದವನು ಆಳುವವರ ಕಡೆಯ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಎಂಬುದೂ ಒಂದು ವಿಚಿತ್ರವೇ. ಆ ಪದ್ಯವನ್ನು ತರಗತಿಯಲ್ಲಿ ಓದಿಸುವಾಗ ಕಾಳಗದ ಸಾಲುಗಳಿಗೆ ಹುರುಪಾಗುವ ಹುಡುಗರು, ದಂಡಿನವರು ದೋಚಿದ ವಸ್ತುಗಳ ಸಾಲುಗಳಿಗೆ ಬಂದೊಡನೆ ಮೆತ್ತಗಾಗುತ್ತಾರೆ; ಹಾಲು, ಬೆಣ್ಣೆ, ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಮಂಗಳಸೂತ್ರ ಎಲ್ಲವೂ ಅವರ ಮನೆಯಲ್ಲಿ ಇರುವಂಥವೇ.

ಪೋಲೆಂಡಿನ ವಾರ್ಸಾದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ಗೆಟ್ಟೊ ಎಂಬ ಕೇರಿಯಲ್ಲಿ ಇತಿಹಾಸಕಾರ ಇಮಾನ್ಯುಯೆಲ್ ರಿಂಗೆಲ್‌ಬ್ಲುಮ್ ಮತ್ತು ಆತನ ಸಂಗಡಿಗರು ಗುಟ್ಟಾಗಿ ಮಾಡಿದ್ದೂ ಇಂಥದೇ ಕೆಲಸ. ದಿನಚರಿ, ವರದಿಗಳ ಜೊತೆಗೆ ಮಕ್ಕಳ ಶಾಲಾ ಪ್ರಬಂಧ, ಟ್ರಾಮ್ ಟಿಕೆಟ್, ಮಿಠಾಯಿ ಸುತ್ತಿದ ಕಾಗದಗಳನ್ನೂ ಅವರು ಕೂಡಿಸಿಟ್ಟರು. ತಾವು ಬದುಕುವುದಿಲ್ಲವೆಂದು ಖಚಿತವಾದಾಗ ಅವನ್ನೆಲ್ಲ ತಗಡಿನ ಪೆಟ್ಟಿಗೆಗಳಲ್ಲಿಯೂ ಹಾಲಿನ ಕ್ಯಾನುಗಳಲ್ಲಿಯೂ ತುಂಬಿ ನೆಲದಲ್ಲಿ ಹೂತರು. ರಿಂಗೆಲ್‌ಬ್ಲುಮ್‌ನನ್ನು 1944ರಲ್ಲಿ ಕೊಂದರು. ಪೆಟ್ಟಿಗೆಗಳು 1946ರಲ್ಲಿ, ಕ್ಯಾನುಗಳು 1950ರಲ್ಲಿ ದೊರೆತವು. ಕೊಂದವರು ಬಿಟ್ಟುಹೋದ ದಾಖಲೆಯಿಂದಲೇ ತಮ್ಮ ಕಥೆ ತಿಳಿಯಬಾರದೆಂಬ ಹಟ ಅದರ ಹಿಂದೆ ಇತ್ತು.

ಹಾಗೆ ಕೂಡಿಸಿಡಲೂ ಏನೂ ಉಳಿಯದಿದ್ದರೆ? ಕಾಂಬೋಡಿಯಾದ ರಿತಿ ಪನ್ ಎಂಬ ನಿರ್ದೇಶಕ, ಎಪ್ಪತ್ತರ ದಶಕದಲ್ಲಿ ಅಲ್ಲಿ ಲಕ್ಷಾಂತರ ಜನರ ಸಾವಿಗೆ ಕಾರಣವಾದ ಖಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಕ್ಷದ ಆಳ್ವಿಕೆಯಲ್ಲಿ ತಂದೆತಾಯಿಗಳನ್ನು ಕಳೆದುಕೊಂಡವನು. ತಾನು ಕಂಡದ್ದಕ್ಕೆ ಚಿತ್ರಗಳೇ ಇಲ್ಲದ ಕಾರಣ, 2013ರ ತನ್ನ ಸಿನಿಮಾದಲ್ಲಿ ಮಣ್ಣಿನ ಗೊಂಬೆಗಳನ್ನು ಮಾಡಿಸಿ ನಿಲ್ಲಿಸಿದ. ಆ ಗೊಂಬೆಗಳು ಅಲುಗಾಡುವುದೂ ಇಲ್ಲ. ನಟರಿಂದ ಅಭಿನಯ ಮಾಡಿಸಿದ್ದರೆ ಅಷ್ಟು ನಂಬಿಕೆ ಹುಟ್ಟುತ್ತಿರಲಿಲ್ಲವೆಂದೇ ನನ್ನ ಅನಿಸಿಕೆ. ನೀನು ಮೂರನೆಯ ದೃಶ್ಯದಲ್ಲಿ ಮಚ್ಚು ಹಿಡಿದವರನ್ನು ರಂಗದ ಮೇಲೆ ತಂದಿರುವುದು ನನಗೆ ಹಿಡಿಸದಿರುವುದೂ ಅದಕ್ಕೇ. ರುವಾಂಡಾದ ನ್ಯಾಮಾಟಾದಲ್ಲಿ ಜನರನ್ನು ಕೊಂದ ಚರ್ಚಿನ ಬೆಂಚುಗಳ ಮೇಲೆ ಸತ್ತವರ ಬಟ್ಟೆಗಳನ್ನು ಹಾಗೆಯೇ ಇಟ್ಟಿದ್ದಾರೆ. ನಿನ್ನ ರಂಗಕ್ಕೆ ಅಷ್ಟು ಸಾಕು.

ಕರಡಿನಲ್ಲಿ ನನಗೆ ಕಾಣದ ಸಂಗತಿ ಇನ್ನೊಂದಿದೆ. ಆರ್‌ಟಿಎಲ್‌ಎಂ ಎಂಬ ರೇಡಿಯೊ ಟುಟ್ಸಿಗಳನ್ನು ಜಿರಳೆಗಳೆಂದು ಕರೆಯುತ್ತ, ನಡುನಡುವೆ ಹಾಡು, ಚೇಷ್ಟೆಯ ಮಾತುಗಳನ್ನು ಬೆರೆಸಿ ಜನರನ್ನು ಕೊಲೆಗೆ ಹುರಿದುಂಬಿಸಿತು. ಕಥೆ, ಹಾಡುಗಳನ್ನು ಕೊಲ್ಲುವವರೂ ಚೆನ್ನಾಗಿಯೇ ಬಳಸಬಲ್ಲರು. ಕಲೆಯ ಬಗ್ಗೆ ನಿನ್ನ ಸೂತ್ರಧಾರ ಆಡುವ ದೊಡ್ಡ ಮಾತುಗಳನ್ನು ತೆಗೆದು ಅಲ್ಲಿ ಆ ರೇಡಿಯೊವನ್ನು ಇಡು. ಪ್ರೇಕ್ಷಕರು ಮೊದಲ ಹಾಡಿಗೆ ತಲೆದೂಗಿದರೂ ದೂಗಲಿ.

ತಿದ್ದಿದ ಪ್ರತಿಯನ್ನು ಅಂಚೆಯಲ್ಲಿಯೇ ಕಳುಹಿಸು, ಮೊಬೈಲಿನಲ್ಲಿ ಓದಲು ನನ್ನಿಂದಾಗದು.

ನಿನ್ನ ಅವ್ವ