ಪಾಠಗಳನ್ನು ಬೆಸೆಯುವ ಲೆಕ್ಕಗಳು ಬೇಕು

ಮಾನ್ಯ ಸಂಪಾದಕರೇ,

ಹತ್ತನೇ ತರಗತಿಯಲ್ಲಿ ‘ತ್ರಿಭುಜಗಳು’ ಪಾಠದ ಕೊನೆಗೆ ಬರುವ ಲೆಕ್ಕಗಳೆಲ್ಲ ತ್ರಿಭುಜದವೇ, ಘನಫಲದ ಪಾಠದಲ್ಲಿ ಬರುವುದೆಲ್ಲ ಘನಫಲದ್ದೇ. ಯಾವ ಸೂತ್ರ ಹಾಕಬೇಕೆಂಬುದನ್ನು ಪಾಠದ ಹೆಸರೇ ಹೇಳಿಕೊಟ್ಟ ಮೇಲೆ ಮಕ್ಕಳಿಗೆ ಉಳಿಯುವುದು ಬರೀ ಗುಣಿಸುವ, ಭಾಗಿಸುವ ಕೆಲಸ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎಲ್ಲವೂ ಕಲಸಿ ಬಂದಾಗ ‘ಇದು ಯಾವ ಪಾಠದ್ದು ಮಿಸ್?’ ಎಂದು ಕೇಳುತ್ತಾರೆ. ಮೂಡಿಗೆರೆ ತಾಲ್ಲೂಕಿನಲ್ಲಿ ಗಣಿತ ಕಲಿಸುವ ನನಗೆ ಆ ಪ್ರಶ್ನೆ ಕಿವಿಗೆ ಬಿದ್ದಾಗಲೆಲ್ಲ ಸಂಕಟವಾಗುತ್ತದೆ.

ಕಾಫಿ ಕೊಯ್ಲಿನ ಸಮಯದಲ್ಲಿ ಮಕ್ಕಳನ್ನು ಹತ್ತಿರದ ಕಣಕ್ಕೆ ಕರೆದೊಯ್ದೆ. ಹಣ್ಣಿನ ರಾಶಿಯೊಂದನ್ನು ತೋರಿಸಿ, ‘ಇದನ್ನು 5 ಸೆಂ.ಮೀ. ದಪ್ಪಕ್ಕೆ ಹರಡಲು ಎಷ್ಟು ಜಾಗ ಬೇಕು?’ ಎಂದಷ್ಟೇ ಕೇಳಿದೆ. ಹಗ್ಗ ಸುತ್ತಿ ಅಳೆದರು, 6.6 ಮೀಟರ್. ತ್ರಿಜ್ಯ 1.05 ಮೀಟರ್ ಬಂತು. ರಾಶಿಯ ನಡುವಿನ ಎತ್ತರಕ್ಕೆ ಟೇಪು ಹಿಡಿಯಲಾಗದು. ಇಳಿಜಾರಿನ ಉದ್ದ ಮಾತ್ರ ಸಿಕ್ಕಿತು, 1.25 ಮೀಟರ್. ಪೈಥಾಗೊರಸ್ ಪ್ರಮೇಯ ಬೇಕೆಂದು ನಾನು ಹೇಳಬೇಕಾಗಲಿಲ್ಲ. ಎತ್ತರ ಸುಮಾರು 68 ಸೆಂ.ಮೀ., ಶಂಕುವಿನ ಘನಫಲ 0.78 ಘನ ಮೀಟರ್, ಬೇಕಾದ ಜಾಗ 16 ಚದರ ಮೀಟರಿಗೆ ತುಸು ಕಡಿಮೆ.

ಸುತ್ತಳತೆ ಎರಡರಷ್ಟಾದರೆ? ‘ಹಣ್ಣೂ ಎರಡರಷ್ಟು’ ಎಂದರು ಹಲವರು. ಲೆಕ್ಕದಲ್ಲಿ ಹಿಂದೆ ಎಂದು ಎಲ್ಲರೂ ಅಂದುಕೊಂಡಿದ್ದ, ತೋಟದ ಲೈನ್‌ಮನೆಯ (ಕಾರ್ಮಿಕರ ಸಾಲುಮನೆಯ) ಹುಡುಗಿಯೊಬ್ಬಳು, ‘ಎಷ್ಟು ಸುರಿದರೂ ರಾಶಿಯ ಇಳಿಜಾರು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ ಮಿಸ್, ಎತ್ತರವೂ ಎರಡರಷ್ಟಾಗುತ್ತದೆ’ ಎಂದಳು. ಸಮರೂಪತೆಯ ಪಾಠ ಹೇಳುವುದೂ ಅದನ್ನೇ. ಉದ್ದ, ಅಗಲ, ಎತ್ತರ ಮೂರೂ ಎರಡರಷ್ಟಾದರೆ ಹಣ್ಣು 2×2×2, ಅಂದರೆ ಎಂಟರಷ್ಟಾಗುತ್ತದೆ ಎಂಬ ಉತ್ತರಕ್ಕೆ ತರಗತಿ ತಲುಪಿದ್ದು ಅವಳ ಆ ಒಂದು ಮಾತಿನಿಂದ.

ಇಂಥ ಲೆಕ್ಕದಿಂದ ನಿಧಾನವಾಗಿ ಕಲಿಯುವವರಿಗೆ ಗೊಂದಲವಾಗುತ್ತದೆ ಎನ್ನುವ ಸಹೋದ್ಯೋಗಿಗಳಿದ್ದಾರೆ. ಮೊದಲು ಪ್ರತಿ ಪಾಠವನ್ನೂ ಬಿಡಿಯಾಗಿಯೇ ಕಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಅಲ್ಲಿಗೇ ಕೈಬಿಟ್ಟರೆ ಮಾತ್ರ ಮಕ್ಕಳಿಗೆ ಅನ್ಯಾಯ ಮಾಡಿದಂತೆ. ಆ ಹುಡುಗಿಗೆ ಗೊತ್ತಿದ್ದದ್ದನ್ನು ಹೇಳಲು ಬಿಡಿ ಲೆಕ್ಕಗಳಲ್ಲಿ ಅವಕಾಶವೇ ಇರಲಿಲ್ಲ.

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಲಿಖಿತ ಪರೀಕ್ಷೆಗೆ 80, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕಗಳಿವೆ. ಆ 20ರಲ್ಲಿ ಒಂದು ಚಟುವಟಿಕೆಯಾದರೂ ಎರಡು ಮೂರು ಪಾಠಗಳು ಕೂಡಿದ, ಯಾವ ಪಾಠದ್ದೆಂದು ಹೇಳದೆ ಕೊಡುವ ಲೆಕ್ಕವಾಗಿರಲಿ. ಜಿಲ್ಲೆಯ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಗಣಿತ ಶಿಕ್ಷಕರನ್ನು ಕೂರಿಸಿಕೊಂಡು ಅಡಿಕೆ, ಮೆಣಸು, ಮಳೆ ಅಳತೆಯ ಮೇಲೆ ಇಂಥ ಲೆಕ್ಕಗಳನ್ನು ರೂಪಿಸಿ, ಮುಂದಿನ ಕೊಯ್ಲಿಗೆ ಮುಂಚೆ ಶಾಲೆಗಳಿಗೆ ತಲುಪಿಸಬೇಕೆಂದು ಕೋರುತ್ತೇನೆ.

– ಗಣಿತ ಶಿಕ್ಷಕಿ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ