ಚೆಂಡು ಹೊರಡುವುದೇ ನಿನ್ನ ಕೈಯಿಂದ

ಪ್ರೀತಿಯ ಸಿರಿ,

ಶುಕ್ರವಾರದ ನಿನ್ನ ಅಮೆರಿಕನ್ ಫುಟ್‌ಬಾಲ್ ಪಂದ್ಯದ ವಿಡಿಯೊವನ್ನು ಅಪ್ಪ ಕಳುಹಿಸಿದರು. ಇಲ್ಲಿ ಮೈಸೂರಿನಲ್ಲಿ ಅಜ್ಜಿಯ ಮಂಚದ ಪಕ್ಕ ಕುಳಿತು ಇಬ್ಬರೂ ನೋಡಿದೆವು. "ಪ್ರತಿ ಸಲವೂ ಚೆಂಡು ಇವಳ ಕೈಯಲ್ಲೇ ಇರುತ್ತದಲ್ಲ, ಹಿಂದಿನವನಿಗೆ ಯಾಕೆ ಕೊಟ್ಟುಬಿಡುತ್ತಾಳೆ?" ಎಂದು ಅಜ್ಜಿ ಕೇಳಿದರು. ಸೆಂಟರ್ ಎಂದರೆ ಸಾಲಿನ ನಡುವೆ ಬಾಗಿ ನಿಂತು, ಕಾಲುಗಳ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುಮಾಡುವವಳು ಎಂದು ಹೇಳಿ ಮುಗಿಸುವಷ್ಟರಲ್ಲಿ ಕಾಫಿ ಆರಿತ್ತು.

ಚೆಂಡು, ಹಿಂದೆ ನಿಂತು ಅದನ್ನು ಪಡೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನ ತಲೆಯ ಮೇಲಿಂದ ಹಾರಿಹೋಯಿತೆಂದು ನೀನು ಊಟ ಬಿಟ್ಟು ಕುಳಿತಿದ್ದೀಯಂತೆ. ಆ ತುಣುಕನ್ನು ನಿಧಾನಗತಿಯಲ್ಲಿ ಮತ್ತೆ ಮತ್ತೆ ನೋಡಿದೆ. ಮಳೆಯಲ್ಲಿ ಚೆಂಡು ನೆನೆದಿದೆ. ಎದುರು ಸಾಲಿನ ನಡುವಿನ ಆಟಗಾರ, ನೋಸ್ ಟ್ಯಾಕಲ್, ನಿನ್ನ ಮುಖಕ್ಕೇ ಬಂದು ನಿಂತಿದ್ದಾನೆ. ನಡುವೆ ಇರುವುದು ಒಂದು ಚೆಂಡಿನ ಉದ್ದದಷ್ಟು, ಅಂದರೆ ಸುಮಾರು 11 ಇಂಚು ಜಾಗ. ಅವನನ್ನು ತಡೆಯುವ ಆತುರಕ್ಕೆ ನಿನ್ನ ಸೊಂಟ ಮೊದಲೇ ಮೇಲೆದ್ದಿದೆ, ಅದರ ಜೊತೆಗೆ ಚೆಂಡೂ ಮೇಲೆದ್ದಿದೆ. ಆಗಿದ್ದು ಇಷ್ಟೇ. ಸಾಲಿನಲ್ಲಿರುವ ಉಳಿದ ನಾಲ್ವರಿಗೆ ಎರಡು ಕೈಗಳೂ ಬಿಡುವಾಗಿರುತ್ತವೆ. ನಿನ್ನ ಒಂದು ಕೈ ಕಾಲುಗಳ ಸಂದಿಯಲ್ಲಿ ಹಿಂದಕ್ಕೆ ಹೋಗಿರುವಾಗಲೇ ಎದುರಾಳಿ ಎದೆಗೆ ಬಡಿಯುತ್ತಾನೆ. ಸಂಜೆ ಅಭ್ಯಾಸ ಮಾಡುವಾಗ ಚೆಂಡನ್ನು ಬಕೆಟ್ ನೀರಿನಲ್ಲಿ ಅದ್ದಿಕೊಡಲು ಅಪ್ಪನಿಗೆ ಹೇಳಿದ್ದೇನೆ.

2014ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ, ಅಂದರೆ ವೃತ್ತಿಪರ ಲೀಗ್‌ನ ಫೈನಲ್‌ನಲ್ಲಿ, ಡೆನ್ವರ್ ತಂಡದ ಮೊದಲ ಆಟವೇ ಹೀಗಾಯಿತು. ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಏನೋ ಹೇಳಲು ಮುಂದೆ ಬರುತ್ತಿದ್ದರು. ಕ್ರೀಡಾಂಗಣದ ಗದ್ದಲದಲ್ಲಿ ಸೆಂಟರ್ ಮ್ಯಾನಿ ರಾಮಿರೆಜ್ ಚೆಂಡನ್ನು ಮೊದಲೇ ಹಿಂದಕ್ಕೆ ಎಸೆದುಬಿಟ್ಟರು. ಅದು ಮ್ಯಾನಿಂಗ್‌ರನ್ನು ದಾಟಿ ಡೆನ್ವರ್‌ನದೇ ತುದಿಯ ಅಂಕಣಕ್ಕೆ ಹೋಯಿತು. 12ನೇ ಸೆಕೆಂಡಿಗೇ ಸಿಯಾಟಲ್‌ಗೆ ಎರಡು ಅಂಕ. ಕೊನೆಗೆ 43–8ರ ಸೋಲು. ಜಗತ್ತೇ ನೋಡುತ್ತಿದ್ದ ಪಂದ್ಯದಲ್ಲಿ, ಅನುಭವಿ ಸೆಂಟರ್‌ನ ಕೈಯಲ್ಲಿ ಆದದ್ದು ಇದು. ಹತ್ತನೇ ತರಗತಿಯ ಹುಡುಗಿ ಊಟ ಬಿಡಬೇಕಾಗಿಲ್ಲ.

ನನಗೆ ಹೆಮ್ಮೆ ತಂದದ್ದು ಚೆಂಡಿನ ಹಿಂದೆಯೇ ಕ್ಯಾಮೆರಾ ಓಡುವ ಮುಂಚಿನ ಕೆಲವು ಕ್ಷಣಗಳು. ಬಾಗಿದಲ್ಲಿಂದಲೇ ತಲೆ ಎತ್ತಿ, ಎದುರಿನವರನ್ನು ಎಣಿಸಿ, ಬೆರಳು ಚಾಚಿ, ಅವರ ಸಾಲಿನ ಹಿಂದೆ ನಡುವೆ ನಿಲ್ಲುವ 'ಮೈಕ್' ಯಾರೆಂದು ಕೂಗುತ್ತೀಯಲ್ಲ, ಆಗ ನಿನಗಿಂತ ಒಂದು ಗೇಣು ಎತ್ತರದ ಹುಡುಗರು ನಿನ್ನ ಮಾತಿನಂತೆ ಜಾಗ ಬದಲಿಸುತ್ತಾರೆ. ನೀನು ಗಾತ್ರದಲ್ಲಿ ಚಿಕ್ಕವಳೆಂದು ಯಾರಾದರೂ ಅಂದರೆ ಜೇಸನ್ ಕೆಲ್ಸಿಯನ್ನು ನೆನಪಿಸಿಕೊ. ಸೆಂಟರ್‌ಗೆ ಮೈಕಟ್ಟು ಸಾಲದೆಂಬ ಮಾತನ್ನು ಕೇಳಿಕೊಂಡೇ ಅವರು, ವೃತ್ತಿಪರ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸುವ 2011ರ ಡ್ರಾಫ್ಟ್‌ನಲ್ಲಿ 191ನೆಯವರಾಗಿ ಆಯ್ಕೆಯಾದರು. ಫಿಲಡೆಲ್ಫಿಯಾ ಪರ 13 ಋತುಗಳನ್ನು ಆಡಿದರು. ಅವರ ಬಲವಿದ್ದದ್ದು ಚುರುಕು ಕಾಲುಗಳಲ್ಲಿ ಮತ್ತು ಆಟವನ್ನು ಓದುವ ಬುದ್ಧಿಯಲ್ಲಿ.

ಇನ್ನು ನನ್ನ ಭಯದ ಮಾತು. ನಮ್ಮ ಪಿಟ್ಸ್‌ಬರ್ಗ್‌ನಲ್ಲಿ ಮೈಕ್ ವೆಬ್‌ಸ್ಟರ್ ಹೆಸರು ಕೇಳದವರಿಲ್ಲ. ನಾಲ್ಕು ಸೂಪರ್ ಬೌಲ್ ಗೆದ್ದ ಸೆಂಟರ್. 2002ರಲ್ಲಿ ಐವತ್ತನೇ ವಯಸ್ಸಿಗೆ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ನೆನಪು ಕೈಕೊಟ್ಟಿತ್ತು, ನೆಲೆಯೂ ಇರಲಿಲ್ಲ. ಅವರ ಮಿದುಳನ್ನು ಪರೀಕ್ಷಿಸಿದ ಡಾಕ್ಟರ್ ಬೆನೆಟ್ ಒಮಾಲು, ತಲೆಗೆ ಪದೇ ಪದೇ ಬಿದ್ದ ಪೆಟ್ಟುಗಳಿಂದ ಬರುವ ಸಿಟಿಇ ಎಂಬ ಕಾಯಿಲೆಯನ್ನು ಅಲ್ಲಿ ಗುರುತಿಸಿದರು. ಎಚ್ಚರ ತಪ್ಪಿಸುವಂಥ ದೊಡ್ಡ ಹೊಡೆತವೇ ಆಗಬೇಕೆಂದಿಲ್ಲ, ಮಗಳೇ. ಸಾಲಿನಲ್ಲಿ ನಿಂತವರಿಗೆ ಪ್ರತಿ ಆಟದಲ್ಲೂ ಬೀಳುವ ಸಣ್ಣ ಪೆಟ್ಟುಗಳೇ ಸೇರುತ್ತಾ ಹೋಗುತ್ತವೆ.

ಆಡಬೇಡ ಎನ್ನುವುದಿಲ್ಲ. ಆದರೆ ಗಲ್ಲ ಎದೆಗೆ ತಾಗುವಂತೆ ತಲೆ ಬಗ್ಗಿಸಿ ನುಗ್ಗಬೇಡ. ಕಣ್ಣು ಎದುರಾಳಿಯ ಮೇಲಿರಲಿ, ಮೊದಲು ತಾಗುವುದು ಅಂಗೈಗಳಾಗಲಿ. ವಿಡಿಯೊದಲ್ಲಿ ಕೊನೆಯ ಕ್ವಾರ್ಟರ್‌ನಲ್ಲಿ, ದಣಿದಾಗ, ನಿನ್ನ ಹೆಲ್ಮೆಟ್ ಮುಂದಕ್ಕೆ ಬಾಗುವುದನ್ನು ಕಂಡೆ. ಕೋಚ್‌ಗೂ ಅದನ್ನು ತೋರಿಸು. ತಲೆ ಸುತ್ತಿದರೆ, ಬೆಳಕು ಚುಚ್ಚಿದರೆ, ಆ ಕ್ಷಣವೇ ಟ್ರೈನರ್‌ಗೆ ಹೇಳು. ಅಂಥ ಲಕ್ಷಣ ಕಂಡವರನ್ನು ಆಟದಿಂದ ಹೊರಗಿಡಬೇಕು, ವೈದ್ಯರು ಬರೆದುಕೊಡುವ ತನಕ ಮರಳಿ ಇಳಿಸಬಾರದು ಎಂದು ನಮ್ಮ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 2011ರಲ್ಲೇ ಕಾನೂನು ಮಾಡಿದ್ದಾರೆ. ತಂಡಕ್ಕೆ ಇನ್ನೊಬ್ಬ ಸೆಂಟರ್ ಇದ್ದಾನೆ. ಟ್ರೈನರ್‌ಗೆ ಹೇಳಿದ ಮೇಲೆ ನನಗೂ ಫೋನ್ ಮಾಡು, ಇಲ್ಲಿ ನಡುರಾತ್ರಿಯಾಗಿದ್ದರೂ ಸರಿ.

ನಿನ್ನ,
ಅಮ್ಮ