ನಮ್ಮ ‘ಏ’, ಅವರ ‘ಓನ್ಲಿ’

ಲೀಡ್ಸ್,
ಭಾನುವಾರ

ಚಿ. ಪುಟ್ಟಿಗೆ ಅಕ್ಕನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು. ನಿನ್ನ ಇಂಗ್ಲಿಷ್ ಪ್ರಬಂಧ ತಿದ್ದಿದವರು ‘ಓನ್ಲಿ’ ಬಂದಲ್ಲೆಲ್ಲ ಕೆಂಪು ಗೆರೆ ಎಳೆದು ಕಾರಣ ಹೇಳದೆ ಬಿಟ್ಟಿದ್ದಾರೆ ಅಂತ ಬರೆದಿದ್ದೀಯ. ಫೋನಿನಲ್ಲಿ ಹೇಳಿದ್ದು ಫೋನ್ ಇಟ್ಟ ಕೂಡಲೇ ಮರೆತುಹೋಗುತ್ತದೆ, ಅದಕ್ಕೇ ಈ ಕಾಗದ.

ಈ ತಪ್ಪಿನ ಬೇರು ಇರುವುದು ನಮ್ಮ ಏಕಾರದಲ್ಲಿ. ‘ಅಲ್ಲೇ ಇದೆ ನೋಡು’, ‘ನಾನೇ ಬರ್ತೀನಿ’, ‘ಈಗಲೇ ಹೊರಡು’ ಅನ್ನುವಾಗ ಮಾತಿಗೆ ಒತ್ತು ಕೊಡುವುದು ಆ ಒಂದು ಸ್ವರ. ಇಂಗ್ಲಿಷಿಗೆ ಹೋದಾಗ ಆ ಜಾಗ ಖಾಲಿ ಅನ್ನಿಸಿ ‘ಓನ್ಲಿ’ ತಂದು ಅಂಟಿಸುತ್ತೇವೆ. ಹಿಂದಿಯವರು ತಮ್ಮ ‘ಹೀ’ಗೂ ಇದನ್ನೇ ಮಾಡುತ್ತಾರೆ. ಹಾಗಾಗಿ ಬೆಂಗಳೂರಿನಲ್ಲಿ ‘ಐ ಆಮ್ ಹಿಯರ್ ಓನ್ಲಿ’ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಅಲ್ಲಿ ಹಾಗೆ ಮಾತಾಡುವುದನ್ನು ಬಿಡು ಅಂತ ನಾನೂ ಹೇಳುವುದಿಲ್ಲ. ಆದರೆ ಇಲ್ಲಿ ಇಂಗ್ಲೆಂಡಿನವರ ಕಿವಿಗೆ ‘ಓನ್ಲಿ’ ಒಂದು ಬೇಲಿ: ಇಷ್ಟೇ, ಇದರಾಚೆ ಇಲ್ಲ. ‘ಶಿ ಈಸ್ ಇನ್ ಶಿವಮೊಗ್ಗ ಓನ್ಲಿ’ ಅಂದರೆ ಶಿವಮೊಗ್ಗ ಬಿಟ್ಟು ಇನ್ನೆಲ್ಲೂ ಇಲ್ಲ ಅಂತ ಕೇಳಿಸಿ, ಒಬ್ಬಳು ಎಷ್ಟು ಊರಲ್ಲಿ ಇರಬೇಕಿತ್ತು ಅಂತ ಗೊಂದಲವಾಗುತ್ತದೆ.

ಏಕಾರಕ್ಕೆಲ್ಲ ಸಲ್ಲುವ ಒಂದು ಪದ ಇಂಗ್ಲಿಷಿನಲ್ಲಿಲ್ಲ, ಸಂದರ್ಭ ನೋಡಿ ಹುಡುಕಬೇಕು. ‘ಅಲ್ಲೇ’ ಅನ್ನುವುದಕ್ಕೆ ‘ರೈಟ್ ದೇರ್’, ‘ಈಗಲೇ’ ಅನ್ನುವುದಕ್ಕೆ ‘ರೈಟ್ ನೌ’. ‘ನಾನೇ ಮಾಡಿದೆ’ ಅನ್ನುವುದಕ್ಕೆ ಎರಡು ದಾರಿ: ಯಾರ ಸಹಾಯವೂ ಇಲ್ಲದೆ ಎಂದಾದರೆ ‘ಐ ಡಿಡ್ ಇಟ್ ಮೈಸೆಲ್ಫ್’, ಯಾರು ಮಾಡಿದ್ದು ಎಂದು ಕೇಳಿದಾಗ ಕೊಡುವ ಉತ್ತರವಾದರೆ ‘ಐ ವಾಸ್ ದ ವನ್ ಹೂ ಡಿಡ್ ಇಟ್’. ‘ಅವನು ಹಾಗೇನೇ’ ಎಂದರೆ ‘ದಟ್ಸ್ ಜಸ್ಟ್ ಹೌ ಹಿ ಈಸ್’. ಎಷ್ಟೋ ಸಲ ಪದವೇ ಬೇಡ, ದನಿ ಒತ್ತಿದರೆ ಸಾಕು.

‘ಓನ್ಲಿ’ಗೆ ಸರಿಜೋಡಿ ನಮ್ಮ ‘ಮಾತ್ರ’. ಅದನ್ನೂ ಕಣ್ಣುಮುಚ್ಚಿ ನಂಬಬೇಡ. ‘ನೀನು ಮಾತ್ರ ಸ್ವಲ್ಪವೂ ಬದಲಾಗಿಲ್ಲ’ ಅನ್ನುವಾಗ ನಾವು ಜಗತ್ತಿನಲ್ಲಿ ನೀನೊಬ್ಬಳೇ ಅಂತ ಲೆಕ್ಕ ಹಾಕಿರುವುದಿಲ್ಲ. ಅಲ್ಲಿ ‘ಯು ಹ್ಯಾವಂಟ್ ಚೇಂಜ್ಡ್ ಎ ಬಿಟ್’ ಅಂದರೆ ಮುಗಿಯಿತು, ‘ಓನ್ಲಿ’ಗೆ ಕೆಲಸವಿಲ್ಲ.

ಇನ್ನು ‘ಓನ್ಲಿ’ ಕೂರುವ ಜಾಗ. ನಿನ್ನ ಪ್ರಬಂಧದಲ್ಲಿ ಹೆಚ್ಚು ಎಡವಿರುವುದು ಇಲ್ಲಿ, ನಿಧಾನವಾಗಿ ಓದು. ‘ಓನ್ಲಿ ಅಪ್ಪ ಲೆಂಟ್ ಹಿಮ್ ದ ಸ್ಕೂಟರ್’: ಅಪ್ಪ ಬಿಟ್ಟು ಬೇರೆ ಯಾರೂ ಕೊಡಲಿಲ್ಲ. ‘ಅಪ್ಪ ಓನ್ಲಿ ಲೆಂಟ್ ಹಿಮ್ ದ ಸ್ಕೂಟರ್’: ಎರವಲು ಕೊಟ್ಟಿದ್ದಷ್ಟೇ, ದಾನ ಮಾಡಲಿಲ್ಲ. ‘ಅಪ್ಪ ಲೆಂಟ್ ಓನ್ಲಿ ಹಿಮ್ ದ ಸ್ಕೂಟರ್’: ಅವನಿಗೆ ಮಾತ್ರ. ‘ಅಪ್ಪ ಲೆಂಟ್ ಹಿಮ್ ಓನ್ಲಿ ದ ಸ್ಕೂಟರ್’: ಸ್ಕೂಟರ್ ಮಾತ್ರ, ಕಾರು ಕೊಡಲಿಲ್ಲ. ನಮ್ಮ ‘ಮಾತ್ರ’ ಪದದ ಹಿಂದೆ ಬರುತ್ತದೆ, ಅವರ ‘ಓನ್ಲಿ’ ಮುಂದೆ ನಿಲ್ಲುತ್ತದೆ. ‘ಅಪ್ಪ ಮಾತ್ರ’ ಎಂಬುದನ್ನು ಅದೇ ಕ್ರಮದಲ್ಲಿ ‘ಅಪ್ಪ ಓನ್ಲಿ’ ಅಂತ ಬರೆದೆಯೋ, ಓದುವವರು ಎರಡನೆಯ ಅರ್ಥ ಹಿಡಿದುಕೊಂಡು ಹೋಗುತ್ತಾರೆ.

ಮಾತಿನಲ್ಲಿ ಇಷ್ಟು ಬಿಗಿ ಇಲ್ಲ. ಇಲ್ಲಿ ಬಹುತೇಕ ಎಲ್ಲರೂ ಅದನ್ನು ಕ್ರಿಯಾಪದದ ಮುಂದೆ ಎಸೆದು, ಬೇಕಾದ ಪದದ ಮೇಲೆ ದನಿ ಒತ್ತುತ್ತಾರೆ. ‘ಹಿ ಓನ್ಲಿ ಡೈಡ್ ಎ ವೀಕ್ ಅಗೋ’ ಎಂಬಂಥ ವಾಕ್ಯವನ್ನು ತಪ್ಪು ಅನ್ನುವವರನ್ನು ಫೌಲರ್ ಎಂಬ ಪಂಡಿತ 1926ರಲ್ಲೇ ತರಾಟೆಗೆ ತೆಗೆದುಕೊಂಡಿದ್ದ. ನನಗೂ ಅವನ ಮಾತೇ ಸರಿ ಅನ್ನಿಸುತ್ತದೆ. ಆದರೆ ಕಾಗದದ ಮೇಲೆ ದನಿ ಕೇಳಿಸುವುದಿಲ್ಲವಲ್ಲ, ಪರೀಕ್ಷೆಯಲ್ಲಿ ಬೇಕಾದ ಪದದ ಮುಂದೆಯೇ ಇಡು.

ಹಾಗಂತ ಹಿಂದೆ ಬರುವುದೆಲ್ಲ ತಪ್ಪಲ್ಲ. ಅಪ್ಪನ ಚೆಕ್ ನೋಡು: ‘ರುಪೀಸ್ ಫೈವ್ ಥೌಸಂಡ್ ಓನ್ಲಿ’. ಆಮೇಲೆ ಯಾರೂ ಇನ್ನೊಂದು ಪದ ಸೇರಿಸಿ ಮೊತ್ತ ಬೆಳೆಸದಿರಲಿ ಅಂತ ಹಾಕುವ ಬೀಗ ಅದು, ನಾವು ಕನ್ನಡದಲ್ಲಿ ‘ಮಾತ್ರ’ ಬರೆಯುವ ಹಾಗೆ. ಬಾಗಿಲ ಮೇಲಿನ ‘ಸ್ಟಾಫ್ ಓನ್ಲಿ’ಯೂ ಇದೇ ಜಾತಿ. ನಿನ್ನ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ‘ವನ್ ವರ್ಡ್ ಓನ್ಲಿ’ ಅಂತ ಸೂಚನೆ ಇದ್ದರೆ ಅದನ್ನು ಬೇಲಿ ಅಂತಲೇ ಓದು. ಉತ್ತರ ‘ಗಾರ್ಡನ್’ ಆಗಿರುವಲ್ಲಿ ‘ದ ಗಾರ್ಡನ್’ ಬರೆದರೂ ಎರಡು ಪದವಾಗಿ ಅಂಕ ಹೋಗುತ್ತದೆ.

ವಾಕ್ಯದ ಮೊದಲಿಗೆ ‘ಓನ್ಲಿ ದೆನ್’, ‘ಓನ್ಲಿ ಆಫ್ಟರ್’ ಬಂದರೆ ಮುಂದೆ ಪ್ರಶ್ನೆಯ ಕ್ರಮ ಬೇಕು: ‘ಓನ್ಲಿ ದೆನ್ ಡಿಡ್ ಐ ಅಂಡರ್‌ಸ್ಟ್ಯಾಂಡ್’. ‘ಓನ್ಲಿ ಅಪ್ಪ ನೋಸ್’ ಅನ್ನುವಲ್ಲಿ ಬೇಡ, ಯಾಕೆಂದರೆ ಅಲ್ಲಿ ಅದು ಕರ್ತೃವಿಗೇ ಅಂಟಿಕೊಂಡಿದೆ.

ಜೋಡಿಪದಗಳಲ್ಲಿ ಮೋಸ ಹೆಚ್ಚು. ‘ಓನ್ಲಿ ಇಫ್ ಇಟ್ ರೇನ್ಸ್’ ಅಂದರೆ ಮಳೆ ಬಂದರೆ ಮಾತ್ರ. ‘ಇಫ್ ಓನ್ಲಿ ಇಟ್ ವುಡ್ ರೇನ್’ ಅಂದರೆ ಮಳೆಯೊಂದು ಬರಬಾರದೇ ಎಂಬ ಹಂಬಲ. ‘ಓನ್ಲಿ ಜಸ್ಟ್’ ನಮ್ಮ ಈಗತಾನೆ. ‘ಓನ್ಲಿ ಟೂ ಗ್ಲ್ಯಾಡ್’ ಅಂದರೆ ಬಹಳ ಸಂತೋಷ, ಅಲ್ಲಿ ಬೇಲಿ ಹುಡುಕಬೇಡ. ‘ಹಿ ರ‍್ಯಾನ್ ಟು ದ ಸ್ಟೇಷನ್, ಓನ್ಲಿ ಟು ಫೈಂಡ್ ದ ಟ್ರೈನ್ ಗಾನ್’ ಎಂಬುದನ್ನು ‘ನೋಡುವುದಕ್ಕಾಗಿ ಮಾತ್ರ ಓಡಿದ’ ಎಂದು ತಿಳಿದರೆ ಕೆಟ್ಟಿತು. ಓಡಿ ಹೋದರೆ ರೈಲು ಹೊರಟೇಹೋಗಿತ್ತು ಅಂತ ಅರ್ಥ. ‘ಆನ್ ಓನ್ಲಿ ಚೈಲ್ಡ್’ ಅಂದರೆ ಅಣ್ಣತಮ್ಮ ಅಕ್ಕತಂಗಿ ಇಲ್ಲದ ಒಂಟಿ ಮಗು. ‘ದಿ ಓನ್ಲಿ ಚೈಲ್ಡ್ ಇನ್ ದ ರೂಮ್’ ಅಂದರೆ ಆ ಕೋಣೆಯಲ್ಲಿ ಇದ್ದ ಒಂದೇ ಮಗು.

ಉಚ್ಚಾರಣೆಯದೂ ಒಂದು ಮಾತು. ನಾವು ‘ಒಂದು’ವನ್ನು ‘ವಂದು’ ಮಾಡುವ ಹಾಗೆ ‘ವೋನ್ಲಿ’ ಅಂದುಬಿಡುತ್ತೇವೆ. ಇಂಗ್ಲಿಷಿನಲ್ಲೂ ಇದೇ ನಡೆದಿದೆ ನೋಡು: ‘ವನ್’ ಪದಕ್ಕೆ ಮೊದಲು ಆ ವಕಾರ ಇರಲಿಲ್ಲ, ಆಮೇಲೆ ಸೇರಿಕೊಂಡಿತು. ಅದರಿಂದಲೇ ಹುಟ್ಟಿದ ‘ಓನ್ಲಿ’, ‘ಅಲೋನ್’ ಹಳೆಯ ಸ್ವರವನ್ನೇ ಉಳಿಸಿಕೊಂಡವು. ಮುಂದೆ ‘ದಿ’ ಇಟ್ಟು ‘ದಿ ಓನ್ಲಿ’ ಅಂತ ಒಂದೇ ಉಸಿರಿಗೆ ಹತ್ತು ಸಲ ಹೇಳು, ವಕಾರ ಉದುರುತ್ತದೆ. ಬೇಗ ಮಾತಾಡುವವರು ಲಕಾರವನ್ನೂ ನುಂಗಿ ‘ಓನಿ’ ಅನ್ನುತ್ತಾರೆ. ಲಿಸನಿಂಗ್ ಪರೀಕ್ಷೆಗೆ ಕಿವಿ ಅದಕ್ಕೂ ತಯಾರಿರಲಿ.

ಈ ವಾರ ಮನೆಯಲ್ಲಿ ಕಿವಿಗೆ ಬಿದ್ದ ಏಕಾರದ ವಾಕ್ಯ ಇಪ್ಪತ್ತು ಬರೆದುಕೋ. ಅಮ್ಮ ಬೈಯುವುದನ್ನು ಕೇಳಿಸಿಕೊಂಡರೆ ಒಂದೇ ಬೆಳಗ್ಗೆ ಅಷ್ಟು ಸಿಗುತ್ತವೆ. ಒಂದರಲ್ಲೂ ‘ಓನ್ಲಿ’ ಬಳಸದೆ ಇಂಗ್ಲಿಷ್ ಮಾಡಿ ಕಳಿಸು, ತಿದ್ದಿ ಕಳಿಸುತ್ತೇನೆ, ಕಾರಣ ಸಮೇತ.

ಇಂತಿ,
ನಿನ್ನ ಅಕ್ಕ